ಆಸ್ಟ್ರೇಲಿಯಾ ಯೂನಿವರ್ಸಿಟಿಗಳ ಮೂಲನಿವಾಸಿ ನಾಯಕರು: ಹುದ್ದೆಯ ಹೆಸರಿನಾಚೆ ಏನು ನೋಡಬೇಕು

ಮೊದಲು ಪದಗಳನ್ನು ಸರಿ ಮಾಡಿಕೊಳ್ಳೋಣ. ಈ ವಿಷಯ ಓದುವಾಗ ಅರ್ಧ ಗೊಂದಲ ಹುಟ್ಟುವುದೇ ಪದಗಳಿಂದ.

ನಮ್ಮಲ್ಲಿ ಕುಲಾಧಿಪತಿ ಅಂದ ಕೂಡಲೇ ರಾಜ್ಯಪಾಲರು ನೆನಪಾಗುತ್ತಾರೆ, ಅಲ್ವಾ? ಕುಲಪತಿ ಅಂದರೆ ವೈಸ್ ಚಾನ್ಸಲರ್, ಅವರ ಜೊತೆಗೆ ಕುಲಸಚಿವರು. ಆಸ್ಟ್ರೇಲಿಯಾದ ಲೆಕ್ಕ ಬೇರೆ. ಅಲ್ಲಿ ಚಾನ್ಸಲರ್ ಅಂದರೆ ಯೂನಿವರ್ಸಿಟಿಯ ಆಡಳಿತ ಮಂಡಳಿಯ ಅಧ್ಯಕ್ಷರು. ಘಟಿಕೋತ್ಸವದಲ್ಲಿ ಪದವಿ ಕೊಡುವವರೂ ಅವರೇ, ಆದರೆ ದಿನನಿತ್ಯದ ಆಡಳಿತ ಅವರ ಕೈಯಲ್ಲಿ ಇರುವುದಿಲ್ಲ. ಅದು ವೈಸ್ ಚಾನ್ಸಲರ್ ಕೈಯಲ್ಲಿ. ಅವರ ಕೆಳಗೆ ಹಲವು ಡೆಪ್ಯೂಟಿ ವೈಸ್ ಚಾನ್ಸಲರ್‌ಗಳು, ಚಿಕ್ಕದಾಗಿ ಡಿವಿಸಿ: ಬೋಧನೆಗೆ ಒಬ್ಬರು, ಸಂಶೋಧನೆಗೆ ಒಬ್ಬರು, ಹೀಗೆ. ಸಾಮಾನ್ಯವಾಗಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಪ್ರೊ ವೈಸ್ ಚಾನ್ಸಲರ್, ಅಂದರೆ ಪಿವಿಸಿ. ಮೂಲನಿವಾಸಿ ನಾಯಕತ್ವದ ಹುದ್ದೆಗಳು ಜಾಸ್ತಿ ಇರುವುದು ಈ ಪಿವಿಸಿ, ಡಿವಿಸಿ ಮಟ್ಟದಲ್ಲಿ.

ಇನ್ನು ಮೂಲನಿವಾಸಿ ಅನ್ನುವ ಪದ. ಇದರಲ್ಲಿ ಎರಡು ಬೇರೆ ಬೇರೆ ಜನರಿದ್ದಾರೆ: ಅಬೊರಿಜಿನಲ್ ಜನರು ಮತ್ತು ಟೊರೆಸ್ ಸ್ಟ್ರೇಟ್ (ಆಸ್ಟ್ರೇಲಿಯಾದ ಉತ್ತರ ತುದಿಗೂ ನ್ಯೂಗಿನಿಗೂ ನಡುವಿನ ಜಲಸಂಧಿ) ದ್ವೀಪದ ಜನರು. ಅಬೊರಿಜಿನಲ್ ಅಂದರೂ ಒಂದೇ ಜನಾಂಗ ಅಲ್ಲ. ವಿರಾಡ್ಜುರಿ, ಪಲಾವಾ, ಕುಂಗರಕನ್ ಎಂದು ನೂರಾರು ನೇಷನ್‌ಗಳಿವೆ, ತಮ್ಮ ತಮ್ಮ ನುಡಿ, ತಮ್ಮ ತಮ್ಮ ನೆಲ. 2021ರ ಅಂದಾಜಿನಂತೆ ಇವರೆಲ್ಲ ಸೇರಿ ಸುಮಾರು 9,84,000 ಜನ, ದೇಶದ ಜನಸಂಖ್ಯೆಯ 3.8%. ನಾವು ಇದನ್ನು ಸುಮ್ನೆ ಆದಿವಾಸಿ ಎಂದು ಬರೆದರೆ ನಮ್ಮ ಓದುಗರ ಕಣ್ಣ ಮುಂದೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರೋ ನಾಗರಹೊಳೆಯ ಜೇನು ಕುರುಬರೋ ಬರುತ್ತಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಹೆಚ್ಚಿನವರು ಇರುವುದು ನಗರಗಳಲ್ಲಿ, ಪಟ್ಟಣಗಳಲ್ಲಿ. ಹಾಗಾಗಿ ಟಿಪ್ಪಣಿ ಬರೆಯುವಾಗ ಅವರ ನೇಷನ್ ಹೆಸರನ್ನೇ ಬರೆಯುವುದು ಒಳ್ಳೆಯದು. ಅಲ್ಲಿನವರು ತಮ್ಮನ್ನು ಪರಿಚಯಿಸಿಕೊಳ್ಳುವುದೂ ಹಾಗೆಯೇ.

ಎಷ್ಟು ತಡವಾಗಿ ಬಾಗಿಲು ತೆರೆಯಿತು

ಸಿಡ್ನಿ ಯೂನಿವರ್ಸಿಟಿ ಶುರುವಾದದ್ದು 1850ರಲ್ಲಿ. ಆಸ್ಟ್ರೇಲಿಯಾದ ಯೂನಿವರ್ಸಿಟಿಯೊಂದರಿಂದ ತೇರ್ಗಡೆಯಾದ ಮೊದಲ ಅಬೊರಿಜಿನಲ್ ವಿದ್ಯಾರ್ಥಿ ಎಂದು ಗುರುತಿಸುವುದು ಮಾರ್ಗರೆಟ್ ವಿಲಿಯಮ್ಸ್ ಅವರನ್ನು. ಅವರು 1959ರಲ್ಲಿ ಮೆಲ್ಬರ್ನ್ ಯೂನಿವರ್ಸಿಟಿಯಲ್ಲಿ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದರು. ನೂರು ವರ್ಷಕ್ಕೂ ಮೇಲೆ! ಆಮೇಲೆ 1966ರಲ್ಲಿ ಚಾರ್ಲ್ಸ್ ಪರ್ಕಿನ್ಸ್ ಸಿಡ್ನಿ ಯೂನಿವರ್ಸಿಟಿಯಿಂದ ಬಿಎ ಮುಗಿಸಿದರು. ಇದಕ್ಕೆ ಒಂದು ವರ್ಷ ಮೊದಲು ಅವರೇ ವಿದ್ಯಾರ್ಥಿಗಳ ಒಂದು ಬಸ್ ಹೊರಡಿಸಿದ್ದರು. ವಾಲ್ಗೆಟ್, ಮೋರಿಯಂಥ ಊರುಗಳಲ್ಲಿ ಅಬೊರಿಜಿನಲ್ ಜನರನ್ನು ಕ್ಲಬ್ಬಿಗೆ, ಈಜುಕೊಳಕ್ಕೆ ಬಿಡದಿದ್ದ ರೀತಿಯನ್ನು ಆ ಬಸ್ ಯಾತ್ರೆ ಇಡೀ ದೇಶಕ್ಕೆ ತೋರಿಸಿತು. ಅದೇ 1965ರ ಫ್ರೀಡಮ್ ರೈಡ್.

ವಿದ್ಯಾರ್ಥಿಗಳು ಬಂದರು ಎಂದ ಮಾತ್ರಕ್ಕೆ ಸಿಬ್ಬಂದಿ ಬಂದಂತಾಗಲಿಲ್ಲ. 1973ರಲ್ಲಿ ಅಡಿಲೇಡ್‌ನ ಸೌತ್ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಅಬೊರಿಜಿನಲ್ ಟಾಸ್ಕ್ ಫೋರ್ಸ್ ಎಂಬ ಕಾರ್ಯಕ್ರಮ ಶುರುವಾಯಿತು. ಅಬೊರಿಜಿನಲ್ ವಿದ್ಯಾರ್ಥಿಗಳಿಗೆಂದೇ ರೂಪಿಸಿದ ಮೊದಲ ಉನ್ನತ ಶಿಕ್ಷಣ ಕಾರ್ಯಕ್ರಮ ಅದು. ಅಲ್ಲಿ ಓದಿದ ಮೇರಿ ಆನ್ ಬಿನ್ ಸಾಲಿಕ್ 1975ರಲ್ಲಿ ಅಲ್ಲಿಯೇ ಕೆಲಸಕ್ಕೆ ಸೇರಿದರು. ಮುಂದೆ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಮೊದಲ ಮೂಲನಿವಾಸಿ ಆಸ್ಟ್ರೇಲಿಯನ್ ಆದರು, ಯೂನಿವರ್ಸಿಟಿ ಆಫ್ ಸೌತ್ ಆಸ್ಟ್ರೇಲಿಯಾದಲ್ಲಿ ಡೀನ್ ಆದರು. ಅವರು ಮೊದಲು ನರ್ಸ್ ಆಗಿದ್ದವರು. ಈ ಒಬ್ಬರ ಬದುಕನ್ನು ಹಿಡಿದು ಓದಿದರೆ ಇಡೀ ಇತಿಹಾಸ ಸಲೀಸಾಗಿ ಅರ್ಥವಾಗುತ್ತದೆ, ನನಗೆ ಅರ್ಥವಾದದ್ದೂ ಹಾಗೆಯೇ.

80ರ, 90ರ ದಶಕಗಳಲ್ಲಿ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಮೂಲನಿವಾಸಿ ವಿದ್ಯಾರ್ಥಿಗಳಿಗೆಂದು ಒಂದು ಕೇಂದ್ರ ಇರುತ್ತಿತ್ತು. ನ್ಯೂಕ್ಯಾಸಲ್‌ನ ವೊಲೊಟುಕಾ, ಸಿಡ್ನಿಯ ಕೂರಿ ಸೆಂಟರ್ ಅಂಥವು. ವಿದ್ಯಾರ್ಥಿಗಳಿಗೆ ಅದು ಮನೆಯಂತೆ. ಟ್ಯೂಷನ್, ಊಟ, ಜಗಲಿ ಮಾತು, ಎಲ್ಲ ಅಲ್ಲೇ. ಇವುಗಳ ಬೆಲೆಯನ್ನು ಕಡಿಮೆ ಮಾಡಿ ನೋಡಬಾರದು. ಆದರೆ ಒಂದು ತೊಂದರೆ ಇತ್ತು. ಮೂಲನಿವಾಸಿ ವಿದ್ಯಾರ್ಥಿಗೆ ಸಂಬಂಧಿಸಿದ್ದು ಏನೇ ಬಂದರೂ ಕಡತ ಆ ಕೇಂದ್ರಕ್ಕೆ ಹೋಗುತ್ತಿತ್ತು. ಕಾನೂನು ವಿಭಾಗ, ವೈದ್ಯ ವಿಭಾಗ, ಎಂಜಿನಿಯರಿಂಗ್ ವಿಭಾಗ ತಮಗೆ ಸಂಬಂಧವಿಲ್ಲ ಎಂಬಂತೆ ಇರಬಹುದಿತ್ತು. ಕೇಂದ್ರದ ನಿರ್ದೇಶಕರಿಗೆ ಆ ವಿಭಾಗಗಳ ಡೀನ್‌ಗಳನ್ನು ಕೂರಿಸಿ ಪ್ರಶ್ನೆ ಕೇಳುವ ಅಧಿಕಾರ ಇರಲಿಲ್ಲ.

ಹಿರಿಯ ಹುದ್ದೆ ಯಾಕೆ ಬೇಕಾಯಿತು ಅನ್ನುವುದಕ್ಕೆ ಉತ್ತರ ಇದೇ. ಇದನ್ನು ನೆನಪಿಟ್ಟುಕೊಳ್ಳಿ, ಉಳಿದದ್ದು ತಾನಾಗಿಯೇ ಜೋಡಣೆಯಾಗುತ್ತದೆ.

2012ರಲ್ಲಿ ಬಂದ ಬೆಹ್ರೆಂಡ್ಟ್ ವರದಿ ಹೇಳಿದ್ದೂ ಇದನ್ನೇ. ಸರ್ಕಾರ ನೇಮಿಸಿದ್ದ ಆ ಸಮಿತಿಯ ಅಧ್ಯಕ್ಷೆ ಕಾನೂನು ಪ್ರಾಧ್ಯಾಪಕಿ ಲರೀಸಾ ಬೆಹ್ರೆಂಡ್ಟ್. ಮೂಲನಿವಾಸಿ ವಿದ್ಯಾರ್ಥಿಗಳು ಗೆಲ್ಲಬೇಕಾದರೆ ಅದು ಒಂದು ಕೇಂದ್ರದ ಹೊಣೆ ಆಗಿ ಉಳಿಯಬಾರದು, ವಿಭಾಗಗಳೂ ಮೇಲಿನ ಆಡಳಿತವೂ ಉತ್ತರ ಕೊಡುವಂತಾಗಬೇಕು ಅನ್ನುವುದು ಆ ವರದಿಯ ತಿರುಳು. ಅಷ್ಟರಲ್ಲಿ ಸಿಡ್ನಿ ಯೂನಿವರ್ಸಿಟಿ ಒಂದು ಹೆಜ್ಜೆ ಮುಂದಿಟ್ಟಿತ್ತು. 2011ರಲ್ಲಿ ಗಂಗುಲು ಸಮುದಾಯದ ಶೇನ್ ಹ್ಯೂಸ್ಟನ್ ಅವರನ್ನು ಡಿವಿಸಿ ಮಾಡಿತು, ಪಿವಿಸಿ ಅಲ್ಲ. ಮರುವರ್ಷ ಬಂದ ಅವರ ಯೋಜನೆಯ ಹೆಸರು ವಿಂಗಾರಾ ಮುರಾ ಬುಂಗಾ ಬರ್ರಬುಗು. ಸಿಡ್ನಿಯ ಮೂಲ ನುಡಿಯಲ್ಲಿ, ನಾಳೆಯನ್ನು ಕಟ್ಟುವ ಯೋಚನೆಯ ದಾರಿ ಎಂಬಂಥ ಅರ್ಥ. ಪ್ರತಿ ವಿಭಾಗಕ್ಕೂ ಹೊಣೆ ಹಂಚುವುದು ಅದರ ಮುಖ್ಯ ಗುರಿ. 2018ರಲ್ಲಿ ಆ ಕುರ್ಚಿಗೆ ಲೀಸಾ ಜಾಕ್ಸನ್ ಪುಲ್ವರ್ ಬಂದರು, ಅವರು ಸಾಂಕ್ರಾಮಿಕ ರೋಗಶಾಸ್ತ್ರದ ತಜ್ಞೆ.

ದುಡ್ಡಿನ ಜೊತೆ ಬಂದ ನಿಯಮ

ಪರೀಕ್ಷೆಗೆ ಓದುವವರು ಈ ಭಾಗವನ್ನು ಬಿಡಬೇಡಿ. ವರದಿಗಳು ಎಷ್ಟೇ ಬಂದರೂ ಯೂನಿವರ್ಸಿಟಿಗಳು ಅವನ್ನು ಓದಿ ಕಪಾಟಿನಲ್ಲಿ ಇಡಬಹುದು. 2017ರ ಜನವರಿ 1ರಿಂದ ಜಾರಿಗೆ ಬಂದ ಇಂಡಿಜಿನಸ್ ಸ್ಟೂಡೆಂಟ್ ಸಕ್ಸೆಸ್ ಪ್ರೋಗ್ರಾಮ್ ಬೇರೆ ತರಹದ್ದು. ಮೊದಲು ವಿದ್ಯಾರ್ಥಿವೇತನ, ಟ್ಯೂಷನ್, ಬೆಂಬಲ ಸೇವೆ ಎಂದು ಬೇರೆ ಬೇರೆಯಾಗಿ ಬರುತ್ತಿದ್ದ ಹಣವನ್ನು ಕೇಂದ್ರ ಸರ್ಕಾರ ಒಂದು ಮಾಡಿತು. ಎಷ್ಟು ವಿದ್ಯಾರ್ಥಿಗಳು ಸೇರಿದರು, ಎಷ್ಟು ಜನ ಪಾಸಾಗುತ್ತಾ ಹೋದರು, ಎಷ್ಟು ಜನ ಪದವಿ ಮುಗಿಸಿದರು ಅನ್ನುವುದರ ಮೇಲೆ ಹಣದ ಲೆಕ್ಕ. ಸೇರಿಸಿಕೊಂಡು ಕೈಬಿಟ್ಟರೆ ಹಣವೂ ಕಡಿಮೆಯಾಗುತ್ತದೆ.

ಅದರ ಜೊತೆಗೆ ಷರತ್ತುಗಳೂ ಬಂದವು. ಈ ಹಣದ ಮೇಲೆ ನಿಗಾ ಇಡಲು ಮೂಲನಿವಾಸಿಗಳದ್ದೇ ಆದ ಒಂದು ಆಡಳಿತ ವ್ಯವಸ್ಥೆ ಇರಬೇಕು. ಮೂಲನಿವಾಸಿ ಸಿಬ್ಬಂದಿಗಾಗಿ ಒಂದು ಯೋಜನೆ ಇರಬೇಕು, ಅದರಲ್ಲಿ 3% ಸಿಬ್ಬಂದಿಯ ಗುರಿ ಇರಬೇಕು, ಮತ್ತು ಪಿವಿಸಿ, ಡಿವಿಸಿ ಅಥವಾ ಅದಕ್ಕೆ ಸಮನಾದ ಹಿರಿಯ ಹುದ್ದೆಯಲ್ಲಿ ಕನಿಷ್ಠ ಒಬ್ಬ ಮೂಲನಿವಾಸಿ ಇರುವಂತೆ ನೋಡಿಕೊಳ್ಳಬೇಕು. ಅದೇ ವರ್ಷ ಯೂನಿವರ್ಸಿಟಿಗಳ ಒಕ್ಕೂಟವಾದ ಯೂನಿವರ್ಸಿಟೀಸ್ ಆಸ್ಟ್ರೇಲಿಯಾ ತನ್ನ ಮೊದಲ ಮೂಲನಿವಾಸಿ ಕಾರ್ಯಯೋಜನೆ ತಂದಿತು. ಮೂಲನಿವಾಸಿ ವಿದ್ಯಾರ್ಥಿಗಳ ದಾಖಲಾತಿ ಉಳಿದವರ ದಾಖಲಾತಿ ಏರುವುದಕ್ಕಿಂತ ಕನಿಷ್ಠ 50% ವೇಗವಾಗಿ ಏರಬೇಕು ಎಂದು ಅದರಲ್ಲಿ ಬರೆದುಕೊಂಡರು. ಒಂದು ಕಡೆ ಸರ್ಕಾರದ ಹಣ, ಇನ್ನೊಂದು ಕಡೆ ಒಕ್ಕೂಟದ ಮಾತು, ಎರಡೂ ಸೇರಿ ಈ ಹುದ್ದೆಗಳು ಎಲ್ಲ ಕಡೆ ಬೇರೂರಲು ದಾರಿಯಾಯಿತು.

ಇದನ್ನು ನಮ್ಮ ಮೀಸಲಾತಿಯ ಹಾಗೆ ಎಂದು ಬರೆಯಬೇಡಿ. ಅಲ್ಲಿ ರೋಸ್ಟರ್ ಬಿಂದು ಇಲ್ಲ, ತಹಶೀಲ್ದಾರರು ಕೊಡುವ ಜಾತಿ ಪ್ರಮಾಣಪತ್ರವೂ ಇಲ್ಲ. ಮೂಲನಿವಾಸಿಗಳು ಮಾತ್ರ ಅರ್ಜಿ ಹಾಕಬಹುದಾದ ಹುದ್ದೆಗಳಿಗೆ ಐಡೆಂಟಿಫೈಡ್ ಪೊಸಿಷನ್ ಅನ್ನುತ್ತಾರೆ. ತಾರತಮ್ಯ ವಿರೋಧಿ ಕಾನೂನುಗಳಲ್ಲೇ ಅದಕ್ಕೆ ಅವಕಾಶ ಇದೆ. ಯಾರು ಮೂಲನಿವಾಸಿ ಅನ್ನುವುದಕ್ಕೆ ಮೂರು ಮಾತಿನ ಅಳತೆ ಇದೆ: ವಂಶ ಇರಬೇಕು, ತಾನೂ ಹಾಗೆ ಗುರುತಿಸಿಕೊಳ್ಳಬೇಕು, ಸಮುದಾಯವೂ ಅವರನ್ನು ತಮ್ಮವರು ಎಂದು ಒಪ್ಪಿರಬೇಕು. ಈ ಮೂರನೆಯದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಹಿರಿಯ ಹುದ್ದೆಯಲ್ಲಿ ಕೂತವರು ವೈಸ್ ಚಾನ್ಸಲರ್‌ಗೆ ಮಾತ್ರ ಅಲ್ಲ, ತಮ್ಮ ಊರಿನ ಹಿರಿಯರಿಗೂ ಉತ್ತರ ಕೊಡಬೇಕು.

ಈಗ ನಿಜವಾದ ಪ್ರಶ್ನೆ. ಹುದ್ದೆ ಇದೆ ಅಂದರೆ ಅಧಿಕಾರ ಇದೆ ಅಂತಲಾ? ನಾನು ಓದುತ್ತಾ ಹೋದಂತೆ ಮೂರು ವಿಷಯ ನೋಡುವುದನ್ನು ರೂಢಿ ಮಾಡಿಕೊಂಡೆ. ಆ ವ್ಯಕ್ತಿ ನೇರವಾಗಿ ವೈಸ್ ಚಾನ್ಸಲರ್‌ಗೆ ವರದಿ ಮಾಡುತ್ತಾರಾ, ಅಥವಾ ಇನ್ನೊಬ್ಬ ಡಿವಿಸಿ ಮೂಲಕ ಹೋಗಬೇಕಾ? ಬಜೆಟ್ ನಿರ್ಧಾರವಾಗುವ ಸಭೆಯಲ್ಲಿ ಅವರಿಗೆ ಕುರ್ಚಿ ಇದೆಯಾ? ಒಬ್ಬ ಡೀನ್ ತನ್ನ ಪಾಲಿನ ಗುರಿ ಮುಟ್ಟದಿದ್ದರೆ ಅದನ್ನು ಕೇಳುವ ಹಕ್ಕು ಯಾರದು? ಪಿವಿಸಿ ಹೆಸರಿದ್ದೂ ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಆ ಹುದ್ದೆ ಹಳೆಯ ಕೇಂದ್ರದ ನಿರ್ದೇಶಕರ ಕೆಲಸವೇ, ಬೋರ್ಡ್ ಮಾತ್ರ ಹೊಸದು. ಹಲವು ಯೂನಿವರ್ಸಿಟಿಗಳು ಈಚಿನ ವರ್ಷಗಳಲ್ಲಿ ಪಿವಿಸಿ ಹುದ್ದೆಯನ್ನು ಡಿವಿಸಿ ಮಟ್ಟಕ್ಕೆ ಏರಿಸಿರುವುದರ ತೂಕ ಇಲ್ಲಿ ಗೊತ್ತಾಗುತ್ತದೆ. ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯಲ್ಲಿ ಬ್ರಾನ್ವಿನ್ ಫ್ರೆಡರಿಕ್ಸ್ ಪಿವಿಸಿಯಿಂದ ಡಿವಿಸಿ ಆದರು. ವೆಸ್ಟರ್ನ್ ಸಿಡ್ನಿಯಲ್ಲಿ ಮಿಶೆಲ್ ಟ್ರಜೆಟ್ ಕೂಡ ಹಾಗೆಯೇ. ಟ್ರಜೆಟ್ ಅವರು ಸೂಸನ್ ಪೇಜ್, ಸ್ಟೇಸಿ ಕೋಟ್ಸ್ ಜೊತೆ ಸೇರಿ ಇದೇ ಹಿರಿಯ ಹುದ್ದೆಗಳ ಬಗ್ಗೆ ಸಂಶೋಧನೆ ಮಾಡಿದವರು. ಆ ಕುರ್ಚಿಯನ್ನು ಹೊರಗಿನಿಂದಲೂ ಒಳಗಿನಿಂದಲೂ ನೋಡಿದವರು ಅನ್ನಬಹುದು.

ಇನ್ನೊಂದು ಪದ ಕಲಿಯಲೇಬೇಕು: ಕಲ್ಚರಲ್ ಲೋಡ್, ಸಂಸ್ಕೃತಿಯ ಹೊರೆ. ಒಬ್ಬರೇ ಮೂಲನಿವಾಸಿ ಇದ್ದರೆ ಎಲ್ಲ ಸಮಿತಿಗೂ ಅವರೇ ಬೇಕು. ನೇಮಕಾತಿ ಸಮಿತಿ, ನೀತಿ ಸಮಿತಿ, ಪಠ್ಯಕ್ರಮ ಸಮಿತಿ, ಆಮೇಲೆ ಮೇ 27ರಿಂದ ಜೂನ್ 3ರವರೆಗೆ, ಮೂಲನಿವಾಸಿಗಳೂ ಉಳಿದವರೂ ಹತ್ತಿರವಾಗಲೆಂದು ಆಚರಿಸುವ ರಿಕನ್ಸಿಲಿಯೇಶನ್ ವಾರ ಬಂತೆಂದರೆ ಭಾಷಣಗಳು. ಅದರ ನಡುವೆ ಬಾಗಿಲು ತಟ್ಟುವ ವಿದ್ಯಾರ್ಥಿ, ಮನೆಯಲ್ಲಿ ಸಾವಾಗಿದೆ, ಊರಿಗೆ ಹೋಗಬೇಕು, ಪರೀಕ್ಷೆ ನಾಳೆ ಇದೆ ಎಂದು. ಇದ್ಯಾವುದೂ ಹುದ್ದೆಯ ವಿವರಣೆಯಲ್ಲಿ ಬರೆದಿರುವುದಿಲ್ಲ, ಆದರೆ ಮಾಡದಿದ್ದರೆ ಆಗುವುದಿಲ್ಲ. 2023ರಲ್ಲಿ ಇದು ಇನ್ನೂ ಭಾರವಾಯಿತು. ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿ ಸಂಸ್ಥೆಯನ್ನು ಸಂವಿಧಾನದಲ್ಲಿ ಸೇರಿಸಬೇಕಾ ಎಂದು ಅಕ್ಟೋಬರ್ 14ರಂದು ಜನಮತ ಕೇಳಿದರು, ಸುಮಾರು 60% ಜನ ಬೇಡ ಅಂದರು. ಆ ಚರ್ಚೆಯ ಮುಂಚೂಣಿಯಲ್ಲಿದ್ದ ಮೇಗನ್ ಡೇವಿಸ್, ಮಾರ್ಸಿಯಾ ಲ್ಯಾಂಗ್ಟನ್, ಟಾಮ್ ಕಾಲ್ಮಾ ಮೂವರೂ ಯೂನಿವರ್ಸಿಟಿಯ ಹಿರಿಯ ಸ್ಥಾನದಲ್ಲಿದ್ದವರೇ. ಇಡೀ ದೇಶ ತಮ್ಮ ಜನರ ಬಗ್ಗೆ ಮತ ಹಾಕಿದ ಮರು ಸೋಮವಾರ ಬೆಳಗ್ಗೆ ಮೂಲನಿವಾಸಿ ಸಿಬ್ಬಂದಿ ಕೆಲಸಕ್ಕೆ ಹೋಗಿ ಕೂರುವುದು ಹೇಗಿದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಚಾನ್ಸಲರ್ ಹುದ್ದೆಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಪ್ಯಾಟ್ ಓಶೇನ್ 1994ರಿಂದ 2003ರವರೆಗೆ ನ್ಯೂ ಇಂಗ್ಲೆಂಡ್ ಯೂನಿವರ್ಸಿಟಿಯ ಚಾನ್ಸಲರ್ ಆಗಿದ್ದರು, ಈ ಸ್ಥಾನಕ್ಕೆ ಬಂದ ಮೊದಲ ಮೂಲನಿವಾಸಿ ಅವರು. ಟಾಮ್ ಕಾಲ್ಮಾ 2014ರಿಂದ 2023ರ ಕೊನೆಯವರೆಗೆ ಕ್ಯಾನ್‌ಬೆರಾ ಯೂನಿವರ್ಸಿಟಿಯಲ್ಲಿದ್ದರು. 2023ರಲ್ಲಿ ವೈದ್ಯೆ ನ್ಯಾರಿ ಬ್ರೌನ್ ಜೇಮ್ಸ್ ಕುಕ್ ಯೂನಿವರ್ಸಿಟಿಯ ಚಾನ್ಸಲರ್ ಆದರು.

ಜೇಮ್ಸ್ ಕುಕ್ ಅಂದರೆ ಸ್ವಲ್ಪ ನಿಲ್ಲಬೇಕು. ಟೌನ್ಸ್‌ವಿಲ್‌ನ ಆ ಕ್ಯಾಂಪಸ್ಸಿನಲ್ಲಿ 60ರ ದಶಕದ ಕೊನೆಯಲ್ಲಿ ಎಡ್ಡಿ ಮಾಬೊ ತೋಟದ ಕೆಲಸಕ್ಕೆ ಇದ್ದರು, ಟೊರೆಸ್ ಸ್ಟ್ರೇಟ್‌ನ ಮೇರ್ ದ್ವೀಪದವರು. ತನ್ನ ದ್ವೀಪದ ನೆಲ ಕಾನೂನಿನ ಪ್ರಕಾರ ತನ್ನದಲ್ಲ, ಸರ್ಕಾರದ್ದು ಎಂದು ಅವರಿಗೆ ಗೊತ್ತಾದದ್ದು ಅಲ್ಲಿನ ಇತಿಹಾಸ ಅಧ್ಯಾಪಕರ ಜೊತೆ ಮಾತಾಡುವಾಗ. ಅಲ್ಲಿಂದ ಶುರುವಾದ ಹೋರಾಟ 1992ರ ಜೂನ್ 3ರ ಹೈಕೋರ್ಟ್ (ಅಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯಕ್ಕೇ ಈ ಹೆಸರು) ತೀರ್ಪಿಗೆ ಮುಟ್ಟಿತು, ಈ ನೆಲ ಯಾರದೂ ಆಗಿರಲಿಲ್ಲ ಎಂಬ ಹಳೆಯ ವಾದ ಬಿದ್ದುಹೋಯಿತು. ಮಾಬೊ ಅದನ್ನು ನೋಡಲಿಲ್ಲ, ಕೆಲವು ತಿಂಗಳ ಮೊದಲೇ ತೀರಿಕೊಂಡಿದ್ದರು. ಅಲ್ಲಿನ ಲೈಬ್ರರಿಗೆ 2008ರಲ್ಲಿ ಅವರ ಹೆಸರಿಟ್ಟರು. ಅದೇ ಯೂನಿವರ್ಸಿಟಿಯಿಂದ 1998ರಲ್ಲಿ ಪಿಎಚ್‌ಡಿ ಪಡೆದ ಮಾರ್ಟಿನ್ ನಕಾಟಾ, ಆಸ್ಟ್ರೇಲಿಯಾದಲ್ಲಿ ಪಿಎಚ್‌ಡಿ ಪಡೆದ ಮೊದಲ ಟೊರೆಸ್ ಸ್ಟ್ರೇಟ್ ದ್ವೀಪದವರು, ಮುಂದೆ ಅಲ್ಲಿಯೇ ಡಿವಿಸಿ ಆದರು.

ಕೊನೆಯದಾಗಿ, ನೀವೇ ಹುಡುಕಿ ಓದಬೇಕಾದ ಒಂದು ಬದಲಾವಣೆ. ಇಲ್ಲಿವರೆಗೆ ಹೇಳಿದ ಹೆಚ್ಚಿನ ಹುದ್ದೆಗಳ ಹೆಸರಿನಲ್ಲೇ ಮೂಲನಿವಾಸಿ ಅನ್ನುವ ಪದ ಇದೆ. ಪಲಾವಾ ಸಮುದಾಯದ ವೈದ್ಯ ಇಯಾನ್ ಆಂಡರ್ಸನ್ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಡಿವಿಸಿ ಆದಾಗ ಅವರ ಕೈಗೆ ಬಂದದ್ದು ಎಲ್ಲ ವಿದ್ಯಾರ್ಥಿಗಳ ಯೂನಿವರ್ಸಿಟಿ ಬದುಕನ್ನು ನೋಡಿಕೊಳ್ಳುವ ಹೊಣೆ. ನ್ಯೂ ಸೌತ್ ವೇಲ್ಸ್ ಯೂನಿವರ್ಸಿಟಿಯಲ್ಲಿ ಮೂಲನಿವಾಸಿ ವಿಷಯಗಳ ಪಿವಿಸಿ ಆಗಿದ್ದ ಮೇಗನ್ ಡೇವಿಸ್ ನಂತರ ಸಮಾಜ ವಿಷಯಗಳ ಪಿವಿಸಿ ಆದರು. ಮುಂದಿನ ಸಲ ಯಾವುದಾದರೂ ಯೂನಿವರ್ಸಿಟಿಯ ಹಿರಿಯ ಆಡಳಿತದ ಪಟ್ಟಿ ತೆರೆದಾಗ ಮೂಲನಿವಾಸಿ ಎಂದು ಬರೆದಿರುವ ಹುದ್ದೆಯನ್ನು ನೋಡಿ ಮುಗಿಸಬೇಡಿ. ಸಂಶೋಧನೆ, ಬೋಧನೆ, ಹಣಕಾಸು ಎಂದು ಬರೆದಿರುವ ಹುದ್ದೆಗಳಲ್ಲಿ ಯಾರಿದ್ದಾರೆ ಎಂದೂ ನೋಡಿ.