ಹಂಸದ ಉಡುಪು ಯಾರದು?

2010ರ ಡಿಸೆಂಬರ್‌ನಲ್ಲಿ ಬ್ಯಾಲೆ ನರ್ತಕಿಯೊಬ್ಬಳ ಕಥೆಯಾದ ‘ಬ್ಲ್ಯಾಕ್ ಸ್ವಾನ್’ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ನಟಾಲಿ ಪೋರ್ಟ್‌ಮನ್ ತೊಟ್ಟ ಕಪ್ಪು ಟುಟು (ಬ್ಯಾಲೆಯ ಲಂಗ), ತಲೆಯ ಮೇಲಿನ ಕಿರೀಟ, ಹಿಂದಿನಿಂದ ಉಕ್ಕಿ ಬರುವ ಚೈಕೋವ್‌ಸ್ಕಿ ಸಂಗೀತ, ಇಷ್ಟು ಸಾಕಾಯಿತು ಪ್ರೇಕ್ಷಕರಿಗೆ. ಆದರೆ ಪ್ರಶಸ್ತಿಗಳ ಹಂಗಾಮಿನಲ್ಲೂ ಅದು ಮುಗಿದ ಬೆನ್ನಲ್ಲೂ ಒಂದೇ ಚಿತ್ರದ ಮೇಲೆ ಮೂರು ತಕರಾರುಗಳು ಎದ್ದವು: ಉಡುಪು ಯಾರದು, ಸಂಗೀತ ಯಾರದು, ತೆರೆಯ ಮೇಲೆ ಕುಣಿದ ಕಾಲು ಯಾರದು.

ಉಡುಪಿನ ಜಗಳ ಹೀಗಿತ್ತು. ಚಿತ್ರದ ವಸ್ತ್ರವಿನ್ಯಾಸಕಿ ಎಂದು ಟೈಟಲ್‌ನಲ್ಲಿ ಕಾಣುವ ಹೆಸರು ಏಮಿ ವೆಸ್ಟ್‌ಕಾಟ್. ಆದರೆ ಬ್ಯಾಲೆಯ ಮುಖ್ಯ ಉಡುಪುಗಳಲ್ಲಿ ‘ರೊಡಾರ್ಟೆ’ ಎಂಬ ಫ್ಯಾಶನ್ ಸಂಸ್ಥೆಯ ಸಹೋದರಿಯರಾದ ಕೇಟ್ ಮತ್ತು ಲಾರಾ ಮಲೀವಿ ಅವರ ಕೈ ಇತ್ತು. ಪತ್ರಿಕೆಗಳು ಹೊಗಳಿದ್ದು ಇವರನ್ನು, ಬ್ರಿಟನ್ನಿನ ಬಾಫ್ಟಾ ಚಿತ್ರಪ್ರಶಸ್ತಿಯ ನಾಮನಿರ್ದೇಶನ ಹೋದದ್ದು ವೆಸ್ಟ್‌ಕಾಟ್ ಅವರಿಗೆ. ಎಷ್ಟು ಉಡುಪುಗಳನ್ನು ಯಾರು ವಿನ್ಯಾಸ ಮಾಡಿದರು ಎಂಬ ಎಣಿಕೆಯಲ್ಲೇ ಎರಡು ಕಡೆಯವರಿಗೂ ಹೊಂದಾಣಿಕೆಯಾಗಲಿಲ್ಲ. ಕಾಲಿನ ಜಗಳ ಇನ್ನೂ ಖಾರವಾಗಿತ್ತು. ಪೋರ್ಟ್‌ಮನ್ ಅವರ ಬದಲಿ ನರ್ತಕಿಯಾಗಿದ್ದ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಸಾರಾ ಲೇನ್, ಪೂರ್ತಿ ಮೈ ಕಾಣುವ ನೃತ್ಯದೃಶ್ಯಗಳಲ್ಲಿ ಬಹುಪಾಲು ತಾನೇ ಕುಣಿದದ್ದು ಎಂದರು. ನಿರ್ದೇಶಕ ಡ್ಯಾರೆನ್ ಅರನಾಫ್‌ಸ್ಕಿ ಲೆಕ್ಕ ಹಾಕಿಸಿ, ಒಟ್ಟು 139 ನೃತ್ಯ ಶಾಟ್‌ಗಳಲ್ಲಿ 111 ಪೋರ್ಟ್‌ಮನ್ ಅವರವು, 28 ಲೇನ್ ಅವರವು ಎಂದು ಉತ್ತರಿಸಿದರು. ನೃತ್ಯವನ್ನು ಶಾಟ್‌ಗಳ ಲೆಕ್ಕದಲ್ಲಿ ಅಳೆಯುವುದು ಹಾಡನ್ನು ಉಸಿರಿನ ಲೆಕ್ಕದಲ್ಲಿ ಅಳೆದಂತೆ. ಆದರೆ ಸಿನಿಮಾಕ್ಕೆ ಬೇರೆ ತಕ್ಕಡಿ ಇಲ್ಲ.

ಸಂಗೀತದ ವಿಷಯದಲ್ಲಿ ತೀರ್ಪು ಕೊಟ್ಟದ್ದು ಆಸ್ಕರ್ ಅಕಾಡೆಮಿ. ಚಿತ್ರದ ಸಂಗೀತಗಾರ ಕ್ಲಿಂಟ್ ಮ್ಯಾನ್ಸೆಲ್, ಚೈಕೋವ್‌ಸ್ಕಿಯ ಬ್ಯಾಲೆ ‘ಸ್ವಾನ್ ಲೇಕ್’ನ ಸ್ವರಗಳನ್ನು ಬಿಡಿಸಿ, ಕೆಲವೆಡೆ ತಲೆಕೆಳಗು ಮಾಡಿ, ಕತ್ತಲು ತುಂಬಿಸಿ ಹೊಸ ಹಿನ್ನೆಲೆ ಸಂಗೀತ ಕಟ್ಟಿದ್ದರು. ಮೊದಲೇ ಇದ್ದ ಸಂಗೀತದ ಪಾಲು ಹೆಚ್ಚೆಂದು ಅಕಾಡೆಮಿ ಅದನ್ನು ‘ಮೂಲ ಸಂಗೀತ’ ವಿಭಾಗದಿಂದ ಹೊರಗಿಟ್ಟಿತು.

ಮೂಲ ಎಂಬ ಆ ಪದವೇ ಇಲ್ಲಿನ ತೊಡಕು. ಬ್ಯಾಲೆಯಲ್ಲಿ ಮೂಲವನ್ನು ಹುಡುಕುತ್ತ ಹೊರಟವರು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ವಾಪಸಾಗಬೇಕಾಗುತ್ತದೆ.

‘ಸ್ವಾನ್ ಲೇಕ್’ ಮೊದಲು ರಂಗಕ್ಕೆ ಬಂದದ್ದು 1877ರಲ್ಲಿ, ಮಾಸ್ಕೋದಲ್ಲಿ. ಇಂದು ಜಗತ್ತು ನೋಡುವುದು ಹೆಚ್ಚಾಗಿ ಅದನ್ನಲ್ಲ, 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೃತ್ಯ ಸಂಯೋಜಕರಾದ ಪೆಟಿಪಾ ಮತ್ತು ಇವಾನೊವ್ ಹೊಸದಾಗಿ ಕಟ್ಟಿದ ರೂಪದಿಂದ ಬೆಳೆದು ಬಂದದ್ದನ್ನು. ಅಷ್ಟರಲ್ಲಿ ಚೈಕೋವ್‌ಸ್ಕಿ ತೀರಿಕೊಂಡು ಒಂದು ವರ್ಷ ದಾಟಿತ್ತು. ವಾದ್ಯವೃಂದದ ನಿರ್ದೇಶಕ ರಿಕಾರ್ಡೊ ಡ್ರಿಗೊ ಸಂಗೀತವನ್ನು ಕತ್ತರಿಸಿ, ಜೋಡಿಸಿ, ಚೈಕೋವ್‌ಸ್ಕಿಯವರೇ ಪಿಯಾನೊಗೆ ಬರೆದಿದ್ದ ಮೂರು ಬಿಡಿ ತುಣುಕುಗಳನ್ನು ವಾದ್ಯವೃಂದಕ್ಕೆ ಅಳವಡಿಸಿ ನಡುನಡುವೆ ಸೇರಿಸಿದರು. ಅವುಗಳಲ್ಲಿ ಒಂದು ಮಾಯಾವಿಯ ಮಗಳು ಓಡೀಲ್ ಒಬ್ಬಳೇ ಕುಣಿಯುವ ತುಣುಕು. ಅಂದರೆ ಕಪ್ಪು ಹಂಸದ ಒಂಟಿ ಕುಣಿತದ ಸಂಗೀತವೇ ಆ ಬ್ಯಾಲೆಗೆಂದು ಹುಟ್ಟಿದ್ದಲ್ಲ. ಅವಳ ಕಪ್ಪು ಬಣ್ಣವೂ ಅಷ್ಟೆ: 1895ರ ಓಡೀಲ್ ಕಪ್ಪು ತೊಟ್ಟಿರಲಿಲ್ಲ, ಅದು ಇಪ್ಪತ್ತನೆಯ ಶತಮಾನ ಹಾಕಿಕೊಟ್ಟ ರೂಢಿ. ಮ್ಯಾನ್ಸೆಲ್ ಮಾಡಿದ ‘ತಪ್ಪ’ನ್ನು ಡ್ರಿಗೊ 115 ವರ್ಷ ಮೊದಲೇ ಮಾಡಿ, ಮೆಚ್ಚುಗೆಯನ್ನೂ ಪಡೆದಿದ್ದರು.

ಟುಟುವಿನ ಕಥೆ ಇದಕ್ಕಿಂತ ಹಳೆಯದು. 1832ರ ಮಾರ್ಚ್‌ನಲ್ಲಿ ಪ್ಯಾರಿಸ್ ಒಪೆರಾದಲ್ಲಿ ಮಾರಿ ಟಾಲಿಯೋನಿ ‘ಲಾ ಸಿಲ್ಫೀಡ್’ನ ಗಾಳಿಕನ್ಯೆಯಾಗಿ ಬಂದಾಗ ತೊಟ್ಟದ್ದು ಗಂಟೆಯಾಕಾರದ, ಮೀನಖಂಡದವರೆಗೆ ಇಳಿಬಿದ್ದ ತೆಳು ಬಿಳಿ ಲಂಗ. ವಿನ್ಯಾಸ ಯೂಜೀನ್ ಲಾಮಿ ಅವರದೆಂದು ಹೇಳುವುದು ವಾಡಿಕೆ. ಆ ತೆಳುಬಟ್ಟೆಗೆ ರಂಗದ ಗ್ಯಾಸ್ ದೀಪಗಳೇ ಶತ್ರು. 1862ರಲ್ಲಿ ತಾಲೀಮಿನ ಹೊತ್ತಿನಲ್ಲಿ ಎಮ್ಮಾ ಲಿವ್ರಿ ಎಂಬ ಯುವ ನರ್ತಕಿಯ ಲಂಗಕ್ಕೆ ಬೆಂಕಿ ಹತ್ತಿತು. ಸುಟ್ಟ ಗಾಯಗಳಿಂದ ನರಳಿ ಮರುವರ್ಷ ಆಕೆ ತೀರಿಕೊಂಡರು. ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದಿದ ಬಟ್ಟೆ ಆಗಲೇ ಲಭ್ಯವಿತ್ತು. ಅದು ಬಿರುಸಾಗುತ್ತದೆ, ಬಿಳುಪು ಮಾಸುತ್ತದೆ ಎಂದು ಆಕೆ ಬೇಡವೆಂದಿದ್ದರು. ಬ್ಯಾಲೆಯ ಉಡುಪು ಅಲಂಕಾರ ಮಾತ್ರ ಎಂದುಕೊಂಡವರು ಈ ಪ್ರಸಂಗವನ್ನು ಒಮ್ಮೆ ನೆನೆಯಬೇಕು. ಮುಂದೆ ಕಾಲ್ಚಳಕ ಹೆಚ್ಚಿದಂತೆ ಲಂಗ ಮೇಲೇರಿತು, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೊಂಟದ ಸುತ್ತ ತಟ್ಟೆಯಂತೆ ಅಗಲಿ ನಿಂತಿತು.

ಹೊಸ ಸಂಗೀತಕ್ಕೂ ಹೊಸ ಉಡುಪಿಗೂ ನಿಜವಾದ ನಂಟು ಬೆಳೆದದ್ದು ಸೆರ್ಗೆ ಡಿಯಾಗಿಲೆವ್ ಅವರ ‘ಬ್ಯಾಲೆ ರುಸ್’ ತಂಡದಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ಕಛೇರಿಯೊಂದರಲ್ಲಿ ಹೆಚ್ಚು ಹೆಸರಿಲ್ಲದ ಇಗೊರ್ ಸ್ಟ್ರವಿನ್‌ಸ್ಕಿಯ ರಚನೆ ಕೇಳಿದ ಡಿಯಾಗಿಲೆವ್, ಅವರಿಂದ 1910ರಲ್ಲಿ ‘ಫೈರ್‌ಬರ್ಡ್’ ಬರೆಸಿದರು. ಆ ಬೆಂಕಿಹಕ್ಕಿಗೆ ಲಿಯೊನ್ ಬಾಕ್ಸ್ಟ್ ಟುಟು ತೊಡಿಸಲಿಲ್ಲ, ಪೂರ್ವದೇಶಗಳ ಶೈಲಿಯ ಷರಾಯಿ ಮತ್ತು ಗರಿ ತೊಡಿಸಿದರು. 1913ರ ‘ರೈಟ್ ಆಫ್ ಸ್ಪ್ರಿಂಗ್’ಗೆ ನಿಕೊಲಾಯ್ ರೋರಿಕ್ ಮಾಡಿದ ದಪ್ಪ ನಿಲುವಂಗಿಗಳು ನರ್ತಕರನ್ನು ನೆಲಕ್ಕೆ ಎಳೆದವು. ಸಂಗೀತವೂ ನೆಲವನ್ನೇ ಒದೆಯುತ್ತಿತ್ತು. ಸಂಗೀತಗಾರ, ಚಿತ್ರಕಾರ, ನೃತ್ಯ ಸಂಯೋಜಕ ಒಂದೇ ಮೇಜಿನ ಸುತ್ತ ಕೂತು ಕೃತಿ ಕಟ್ಟುವ ಪದ್ಧತಿ ಇದು.

ಸಿನಿಮಾ ಈ ಮೇಜಿಗೆ ಬಂದದ್ದು ತಡವಾಗಿ, ಅದೂ ಹಿಂಬಾಗಿಲಿನಿಂದ. ಮಾತು ಬಂದ ಹೊಸತರಲ್ಲಿ ಹಾಲಿವುಡ್ 1931ರ ‘ಡ್ರಾಕುಲಾ’ದ ಟೈಟಲ್ ಹಿಂದೆ ‘ಸ್ವಾನ್ ಲೇಕ್’ನ ತುಣುಕನ್ನು ನುಡಿಸಿತು. ಹೀಗಾಗಿ ಹಂಸದ ಸ್ವರವನ್ನು ರಕ್ತಪಿಪಾಸುವಿನ ಸ್ವರವೆಂದು ಮೊದಲು ಕೇಳಿದವರೂ ಇದ್ದಿರಬೇಕು. ಮ್ಯಾನ್ಸೆಲ್ ಅದರಲ್ಲಿ ಭಯ ಕಂಡದ್ದು ತೀರಾ ಹೊಸದೇನಲ್ಲ. 1940ರಲ್ಲಿ ಡಿಸ್ನಿಯ ‘ಫ್ಯಾಂಟೇಸಿಯಾ’ ‘ನಟ್‌ಕ್ರ್ಯಾಕರ್’ ಸಂಗೀತವನ್ನು ಹೂವು, ಅಣಬೆಗಳಿಗೆ ಕುಣಿಯಲು ಕೊಟ್ಟಿತು. ಆ ಬ್ಯಾಲೆಯ ಪೂರ್ಣ ಪ್ರದರ್ಶನ ಅಮೆರಿಕದಲ್ಲಿ ನಡೆದದ್ದು ನಾಲ್ಕು ವರ್ಷದ ನಂತರ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅದೇ ಚಿತ್ರದಲ್ಲಿ ನೀರಾನೆಯೊಂದು ಟುಟು ತೊಟ್ಟು ಕುಣಿಯುತ್ತದೆ. ದರ್ಜಿಯ ಕಷ್ಟವಿಲ್ಲದ ಟುಟು ಎಂದರೆ ಅದೊಂದೇ.

ಕ್ಯಾಮೆರಾಗೆ ಬ್ಯಾಲೆ ಉಡುಪು ಹೊಲಿಯುವುದು ಬೇರೆಯೇ ಕಸುಬು. ರಂಗದಲ್ಲಿ ಪ್ರೇಕ್ಷಕ ದೂರ ಇರುತ್ತಾನೆ, ಒರಟು ಮಣಿಯೂ ವಜ್ರವಾಗಿ ಕಾಣುತ್ತದೆ. ಸಮೀಪದ ಶಾಟ್‌ನಲ್ಲಿ ಕೊಕ್ಕೆ, ಬೆವರಿನ ಕಲೆ, ಸವೆದ ಹೊಲಿಗೆ ಎಲ್ಲವೂ ಬಯಲಾಗುತ್ತವೆ. ಟೆಕ್ನಿಕಲರ್ ಕಾಲದಲ್ಲಿ ಅಚ್ಚ ಬಿಳಿ ಕಣ್ಣು ಕುಕ್ಕುತ್ತಿದ್ದುದರಿಂದ ಬಿಳಿ ಬಟ್ಟೆಗೆ ಸ್ವಲ್ಪ ಬಣ್ಣ ಹಾಕಿ ಮಂಕಾಗಿಸುತ್ತಿದ್ದರು. ಟೇಕ್ ಮೇಲೆ ಟೇಕ್ ಆಗುವಾಗ ಒಂದೇ ಉಡುಪಿಗೆ ಹಲವು ಪ್ರತಿಗಳು ಬೇಕು.

1948ರ ‘ದಿ ರೆಡ್ ಶೂಸ್’ ಈ ಕಸುಬನ್ನು ಮೇಲಕ್ಕೆತ್ತಿತು. ಪವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿ ನಾಯಕಿಯಾಗಿ ನಿಜವಾದ ನರ್ತಕಿ ಮೊಯಿರಾ ಶಿಯರರ್ ಅವರನ್ನೇ ತಂದಿತು, ಬ್ಯಾಲೆಗೆ ಬ್ರಯಾನ್ ಈಸ್‌ಡೇಲ್ ಹೊಸ ಸಂಗೀತ ಬರೆದರು, ಚಿತ್ರಕಾರ ಹೈನ್ ಹೆಕ್ರೋತ್ ದೃಶ್ಯವನ್ನೂ ಉಡುಪನ್ನೂ ಒಟ್ಟಿಗೆ ಕಲ್ಪಿಸಿದರು. ಸಂಗೀತಕ್ಕೂ ಕಲಾ ನಿರ್ದೇಶನಕ್ಕೂ ಆಸ್ಕರ್ ಬಂತು. ಕಾಲು ಯಾರದೆಂದು ಕೇಳುವ ಪ್ರಮೇಯವೇ ಬರಲಿಲ್ಲ.

ವಸ್ತ್ರವಿನ್ಯಾಸಕ್ಕೆಂದೇ ಅಕಾಡೆಮಿ ಪ್ರಶಸ್ತಿ ಆರಂಭಿಸಿದ್ದೂ ಆ ವರ್ಷದ ಚಿತ್ರಗಳಿಂದಲೇ. ವರ್ಣಚಿತ್ರ ವಿಭಾಗದಲ್ಲಿ ಮೊದಲ ಪ್ರಶಸ್ತಿ ‘ಜೋನ್ ಆಫ್ ಆರ್ಕ್’ಗಾಗಿ ಡೊರೊತಿ ಜೀಕಿನ್ಸ್ ಮತ್ತು ಬಾರ್ಬರಾ ಕರಿನ್‌ಸ್ಕಾ ಇಬ್ಬರಿಗೆ ಸೇರಿತು. ಕರಿನ್‌ಸ್ಕಾ ಯಾರು? ಖಾರ್ಕಿವ್‌ನಲ್ಲಿ ಹುಟ್ಟಿ, ಪ್ಯಾರಿಸ್ ಸೇರಿ, ಚಿತ್ರಕಾರರ ಕಾಗದದ ಕನಸುಗಳನ್ನು ನರ್ತಕಿಯರ ಮೈಮೇಲೆ ನಿಜವಾಗಿಸಿದ ಹೊಲಿಗೆಗಾರ್ತಿ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಅದು ತುಸು ಹಿಗ್ಗುತ್ತದೆ, ಪಕ್ಕೆಲುಬು ಅರಳಿ ಉಸಿರಾಡಲು ಜಾಗ ಸಿಗುತ್ತದೆ. ಆಕೆಯ ಕುಪ್ಪಸಗಳ ಗುಟ್ಟು ಅದು. ತಟ್ಟೆಯಂಥ ಟುಟುವಿಗೆ ಹತ್ತಾರು ಪದರ ಜಾಲರಿ ಬಟ್ಟೆಯ ನಡುವೆ ಒಂದು ತಂತಿಯ ಬಳೆ ಇರುತ್ತದೆ. ಇಬ್ಬರು ನರ್ತಕಿಯರು ಒತ್ತಾಗಿ ನಿಂತರೆ ಒಬ್ಬಳ ಲಂಗ ಇನ್ನೊಬ್ಬಳದಕ್ಕೆ ತಾಗಿ ಎದ್ದು ನಿಲ್ಲುತ್ತದೆ. 1950ರಲ್ಲಿ ನೃತ್ಯ ಸಂಯೋಜಕ ಬ್ಯಾಲನ್‌ಶೀನ್ ಅವರ ‘ಸಿಂಫನಿ ಇನ್ ಸಿ’ಗೆ ಕರಿನ್‌ಸ್ಕಾ ಆ ಬಳೆಯನ್ನೇ ಕಿತ್ತುಹಾಕಿದರು, ಪದರಗಳನ್ನು ಅರ್ಧದಷ್ಟು ಕಡಿಮೆ ಮಾಡಿ ಸಡಿಲವಾಗಿ ಪೋಣಿಸಿದರು. ಪೌಡರ್ ಪಫ್‌ನಂತೆ ಮೆತ್ತಗೆ ಉಬ್ಬಿದ ಆ ರೂಪ ಈಗ ಲೋಕದ ತುಂಬ ಇದೆ. 1952ರ ‘ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್’ ಚಿತ್ರಕ್ಕೆ ಆಕೆ ಮತ್ತೆ ನಾಮನಿರ್ದೇಶನ ಪಡೆದರು, ಇನ್ನಿಬ್ಬರ ಜೊತೆಗೆ. ಹೆಸರು ಹಂಚಿಕೊಳ್ಳುವುದು ಆಗ ಯಾರಿಗೂ ಕಷ್ಟವಾಗಿರಲಿಲ್ಲ.

ಇದಕ್ಕೆ ಒಳ್ಳೆಯ ಸಾಕ್ಷಿ 1951ರ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’. ಕೊನೆಯ ದೀರ್ಘ ಬ್ಯಾಲೆಯ ಉಡುಪು ಐರೀನ್ ಶರಾಫ್ ಅವರದು, ಕಪ್ಪುಬಿಳುಪಿನ ನೃತ್ಯಕೂಟದ್ದು ವಾಲ್ಟರ್ ಪ್ಲಂಕೆಟ್ ಅವರದು, ಉಳಿದದ್ದು ಓರಿ ಕೆಲ್ಲಿ ಅವರದು. ಆಸ್ಕರ್ ಮೂವರಿಗೂ ಸಂದಿತು. ಸಂಗೀತ ಗರ್ಶ್‌ವಿನ್ 1928ರಲ್ಲಿ ಬರೆದದ್ದು. ಚಿತ್ರ ಬರುವ ಹೊತ್ತಿಗೆ ಅವರು ಬದುಕಿರಲಿಲ್ಲ. ಆದರೂ ಅದನ್ನು ಚಿತ್ರಕ್ಕೆ ಹೊಂದಿಸಿದ ಜಾನಿ ಗ್ರೀನ್ ಮತ್ತು ಸಾಲ್ ಚ್ಯಾಪ್ಲಿನ್ ಆಸ್ಕರ್ ಪಡೆದರು, ಏಕೆಂದರೆ ಹಳೆಯದನ್ನು ಹೊಸತಾಗಿ ಅಳವಡಿಸಿದವರಿಗೂ ಸಲ್ಲುವ ವಿಭಾಗ ಆಗ ಇತ್ತು. 2010ರ ಹೊತ್ತಿಗೆ ಅದು ಉಳಿದಿರಲಿಲ್ಲ. ಮ್ಯಾನ್ಸೆಲ್ ಸೋತದ್ದು ಚೈಕೋವ್‌ಸ್ಕಿಗೆ ಎನ್ನುವುದಕ್ಕಿಂತ ಮುಚ್ಚಿಹೋದ ಈ ಬಾಗಿಲಿಗೆ ಎನ್ನುವುದು ಸರಿ.

ಗ್ರ್ಯಾಮಿಯವರು ಅದೇ ಸಂಗೀತವನ್ನು ಚಲನಚಿತ್ರ ಸಂಗೀತದ ವಿಭಾಗಕ್ಕೆ ತೆಗೆದುಕೊಂಡು ನಾಮನಿರ್ದೇಶನ ಮಾಡಿದರು. ವಸ್ತ್ರವಿನ್ಯಾಸಕರ ಸಂಘ 2011ರ ಫೆಬ್ರುವರಿಯಲ್ಲಿ ವೆಸ್ಟ್‌ಕಾಟ್ ಅವರಿಗೆ ತನ್ನ ಪ್ರಶಸ್ತಿ ಕೊಟ್ಟಿತು. ಮರುತಿಂಗಳು ಲಾಸ್ ಏಂಜಲೀಸ್‌ನ ಸಮಕಾಲೀನ ಕಲೆಯ ವಸ್ತುಸಂಗ್ರಹಾಲಯದಲ್ಲಿ ರೊಡಾರ್ಟೆಯ ಪ್ರದರ್ಶನ ತೆರೆಯಿತು. ಅಲ್ಲಿ ‘ಬ್ಲ್ಯಾಕ್ ಸ್ವಾನ್’ನ ಟುಟುಗಳೂ ಇದ್ದವು, ಮಲೀವಿ ಸಹೋದರಿಯರ ಹೆಸರಿನಲ್ಲಿ.