ಅಂಕ ಸೊನ್ನೆ ಬಂದರೆ ಎಲ್ಲ ಸರಿಯಿದೆ ಅಂತಲ್ಲ

ಹೆರಿಗೆಯಾದ ತಾಯಂದಿರಲ್ಲಿ ಖಿನ್ನತೆ ಇದೆಯಾ ಅಂತ ನೋಡಲು ಎಷ್ಟೋ ದೇಶಗಳಲ್ಲಿ ಬಳಸುವುದು ಎಡಿನ್‌ಬರೋ ಮಾಪಕ. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ತಯಾರಾದದ್ದು. ಹತ್ತು ಪ್ರಶ್ನೆ, ಕಳೆದ ಏಳು ದಿನ ಹೇಗಿತ್ತು ಅಂತ ಕೇಳುತ್ತದೆ, ಬೇಗ ಮುಗಿಯುತ್ತದೆ. ಒಳ್ಳೆಯ ಸಾಧನವೇ. ಆದರೆ ನಾನು ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಕುಟುಂಬಗಳನ್ನು ನೋಡುವ ವೈದ್ಯೆ. ಇಲ್ಲಿ ಒಬ್ಬ ತಾಯಿ ಹತ್ತೂ ಪ್ರಶ್ನೆಗೆ ‘ಏನೂ ತೊಂದರೆ ಇಲ್ಲ’ ಅಂತ ಗುರುತು ಹಾಕಿ ಕೊಟ್ಟರೆ ನನಗೆ ನೆಮ್ಮದಿಯಾಗುವುದಿಲ್ಲ.

ಇಲ್ಲಿನ ಇತಿಹಾಸ ಹಾಗಿದೆ. ಸುಮಾರು 1910ರಿಂದ 1970ರವರೆಗೆ ಸರ್ಕಾರ ಮತ್ತು ಚರ್ಚಿನ ಸಂಸ್ಥೆಗಳು ಮೂಲನಿವಾಸಿ ಮಕ್ಕಳನ್ನು ಅಮ್ಮಂದಿರಿಂದ ಕಿತ್ತುಕೊಂಡು ಹೋದವು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಇವತ್ತಿಗೂ ಮನೆಯಿಂದ ದೂರ, ಸರ್ಕಾರಿ ಆರೈಕೆಯಲ್ಲಿರುವ ಮಕ್ಕಳಲ್ಲಿ ಮೂಲನಿವಾಸಿ ಮಕ್ಕಳ ಪ್ರಮಾಣ ತುಂಬಾ ಜಾಸ್ತಿ. ಈಗ ಯೋಚಿಸಿ: ಅಜ್ಜಿಯನ್ನು ಚಿಕ್ಕಂದಿನಲ್ಲಿ ಹಾಗೆ ಎತ್ತಿಕೊಂಡು ಹೋಗಿದ್ದ ಮನೆಯ ಹುಡುಗಿ, ಕೈಯಲ್ಲಿ ಎಳೆ ಕೂಸು, ಎದುರಿಗೆ ಗುರುತು ಪರಿಚಯ ಇಲ್ಲದ ನರ್ಸ್ ಫಾರ್ಮ್ ಹಿಡಿದು ‘ನಿಭಾಯಿಸೋಕೆ ಕಷ್ಟ ಆಗ್ತಿದೆಯಾ?’ ಅಂತ ಕೇಳಿದರೆ ಹೌದು ಅನ್ನುತ್ತಾಳಾ? ಖಂಡಿತ ಇಲ್ಲ. ಮಗು ಕೈತಪ್ಪಿದರೆ ಅನ್ನುವ ಭಯ ಅವಳದು.

ಪಶ್ಚಿಮ ಆಸ್ಟ್ರೇಲಿಯಾದ ಉತ್ತರದಲ್ಲಿರುವ ಕಿಂಬರ್ಲಿಯ ಹೆಂಗಸರು ಇದಕ್ಕೊಂದು ದಾರಿ ಮಾಡಿಕೊಂಡರು. ಆರೋಗ್ಯ ಕಾರ್ಯಕರ್ತರ ಜೊತೆ ಕೂತು ‘ಕಿಂಬರ್ಲಿ ಮಮ್ಸ್ ಮೂಡ್ ಸ್ಕೇಲ್’ ಅನ್ನುವುದನ್ನು ರೂಪಿಸಿದರು. ಮೊದಲ ಭಾಗದಲ್ಲಿ ಅದೇ ಎಡಿನ್‌ಬರೋ ಪ್ರಶ್ನೆಗಳು, ಆದರೆ ಅವರು ಮನೆಯಲ್ಲಿ ಮಾತಾಡುವ ರೀತಿಯಲ್ಲಿ, ಚಿತ್ರಗಳ ಜೊತೆ. ನನಗೆ ಮುಖ್ಯ ಅನಿಸುವುದು ಎರಡನೇ ಭಾಗ. ಅದು ಸುಮ್ನೆ ಕೂತು ಆಡುವ ಮಾತು. ಬಾಲ್ಯ ಹೇಗಿತ್ತು, ಮನೆಯಲ್ಲಿ ಯಾರ ಆಸರೆ ಇದೆ, ಗಂಡ ಹೇಗೆ ನೋಡಿಕೊಳ್ಳುತ್ತಾನೆ, ಕುಡಿತ ಇದೆಯಾ, ಯಾವ ಚಿಂತೆ ಕಾಡುತ್ತಿದೆ, ಯಾವುದರಿಂದ ಧೈರ್ಯ ಬರುತ್ತದೆ. ಅಪಾಯ ಎಷ್ಟು ಅಂತ ತೀರ್ಮಾನಿಸುವುದು ಎರಡೂ ಭಾಗ ಒಟ್ಟಿಗೆ ನೋಡಿಯೇ, ಬರೀ ಅಂಕ ಕೂಡಿಸಿ ಅಲ್ಲ. ಇದಕ್ಕೆ ಸಮಯ ಬೇಕು, ನಿಜ. ಕೊಡಲೇಬೇಕು.

ಗಂಡಸರ ವಿಷಯಕ್ಕೂ ಬರೋಣ. ಖಿನ್ನತೆಗೆ ಎಲ್ಲೆಡೆ ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಅನ್ನು ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿ ಗಂಡಸರ ಜೊತೆ ಚರ್ಚಿಸಿ ತಿದ್ದಿದರು. ಆಗ ಅವರು ಹೇಳಿದ ಸಂಕಟಗಳಲ್ಲಿ ಸಿಟ್ಟು, ತಮ್ಮ ನೆಲದ ಹಂಬಲ, ಒಂದೇ ವಿಷಯ ತಲೆಯಲ್ಲಿ ಸುತ್ತುವುದು ಎಲ್ಲ ಇದ್ದವು. ಮೂಲ ಪಟ್ಟಿಯಲ್ಲಿ ಇವು ಇರಲೇ ಇಲ್ಲ. ತಿದ್ದಿದ ಪ್ರಶ್ನೆಗಳನ್ನು ಹತ್ತು ಆರೋಗ್ಯ ಕೇಂದ್ರಗಳಲ್ಲಿ 500 ಜನರ ಮೇಲೆ ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಿನ್ನತೆ ಇರುವ ನೂರು ಜನರಲ್ಲಿ 84 ಮಂದಿಯನ್ನು ಅದು ಹಿಡಿಯುತ್ತದೆ, ಇಲ್ಲದ ನೂರು ಜನರಲ್ಲಿ 23 ಮಂದಿಯನ್ನು ಇದೆ ಅಂತ ತೋರಿಸುತ್ತದೆ. ಹಾಗಾಗಿ ಅಂಕ ನೋಡಿದ ಕೂಡಲೇ ಮಾತ್ರೆ ಬರೆಯುವಂತಿಲ್ಲ.

ಕೇಳುವವರು ಯಾರು ಅನ್ನುವುದೂ ಅಷ್ಟೇ ಮುಖ್ಯ. ಹೆಂಗಸರ ವಿಷಯ ಹೆಂಗಸರೇ ಕೇಳಬೇಕು. ಮಾತಿನ ನಡುವೆ ಮೌನ ಬಂದರೆ ಬರಲಿ, ತುಂಬಲು ಹೋಗಬೇಡಿ. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರೆ, ಮುಗಿದರೆ ಸಾಕು ಅಂತಲೋ ಎದುರಿನವರಿಗೆ ಬೇಜಾರಾಗದಿರಲಿ ಅಂತಲೋ ಎಲ್ಲದಕ್ಕೂ ಹೌದು ಅಂದುಬಿಡುತ್ತಾರೆ. ಹತ್ತಿರದವರು ಸತ್ತ ದುಃಖದಲ್ಲಿ ಅವರ ದನಿ ಕೇಳಿಸಿತು ಅಂದರೆ ತಕ್ಷಣ ಅದನ್ನು ಕಾಯಿಲೆ ಅಂತ ಬರೆಯಬಾರದು; ಆ ಸಮುದಾಯದ ಹಿರಿಯರನ್ನೋ ಆರೋಗ್ಯ ಕಾರ್ಯಕರ್ತೆಯನ್ನೋ ಮೊದಲು ವಿಚಾರಿಸಬೇಕು.

‘ಹೂಂ ಸಾ’ ಅಂದು ತಲೆಯಾಡಿಸುವುದು ನಮ್ಮ ಕಡೆಯೂ ಗೊತ್ತಿರುವುದೇ, ಅಲ್ವಾ? ನಾಗರಹೊಳೆ ಕಾಡಿನಿಂದ ಹೊರಗೆ ಬಂದ ಜೇನು ಕುರುಬರಿಗೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅವರದೇ ಮಾತಿದೆ, ಕಾಡಿನ ಜೊತೆ ಅವರದೇ ನಂಟಿದೆ. ಪೇಟೆಯ ಕನ್ನಡಕ್ಕೆ ಇಳಿಸಿದ ಫಾರ್ಮನ್ನು ಅವರ ಹಾಡಿಗೆ, ಅಂದರೆ ಅವರಿರುವ ಪುಟ್ಟ ಊರಿಗೆ, ಒಯ್ಯುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು: ಮೊದಲು ಹಾಡಿಯವರ ಜೊತೆ ಕೂತು ಪ್ರಶ್ನೆ ತಿದ್ದಿಸಿ, ಕೇಳುವ ಕೆಲಸವನ್ನು ಅಲ್ಲಿಯವರಿಗೇ ಕಲಿಸಿ, ಕಲಿತವರಿಗೆ ಸಂಬಳ ಕೊಡಿ. ಸಾಯುವ ಯೋಚನೆ ಬರುತ್ತಿದೆ ಅಂದವರನ್ನು ಅವತ್ತೇ ಯಾರು ನೋಡುತ್ತಾರೆ, ರಾತ್ರಿ ಜೊತೆಗೆ ಯಾರಿರುತ್ತಾರೆ, ಆಸ್ಪತ್ರೆಗೆ ಗಾಡಿ ಯಾವುದು ಅನ್ನುವುದನ್ನು ಫಾರ್ಮ್ ಹಂಚುವ ಮೊದಲೇ ಬರೆದಿಟ್ಟುಕೊಳ್ಳಿ.