ಹಿಮ್ಮಡಿ ಜಾರುತ್ತದೆ ಅಂತ ಬೂಟು ವಾಪಸ್ ಕೊಡಬೇಕಾ?

ಓದುಗರ ಪ್ರಶ್ನೆ: ಮೊದಲ ಸಲ ವೆಸ್ಟರ್ನ್ ಬೂಟು, ಅಂದರೆ ಕೌಬಾಯ್ ಬೂಟು, ಹಾಕಿ ನೋಡಿದೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನಡೆದರೆ ಹಿಮ್ಮಡಿ ಒಳಗೆ ಸ್ವಲ್ಪ ಮೇಲೆ ಕೆಳಗೆ ಆಡುತ್ತದೆ, ಪಾದದ ಮೇಲ್ಭಾಗದಲ್ಲಿ ಬಿಗಿ. ಇದಕ್ಕಿಂತ ದೊಡ್ಡದು ತಗೊಳ್ಳಲಾ, ಚಿಕ್ಕದು ತಗೊಳ್ಳಲಾ? ನೋಡೋಕೂ ಚೆನ್ನಾಗಿರಬೇಕು, ದಿನವಿಡೀ ಹಾಕಿದರೂ ಕಾಲು ನೋಯಬಾರದು. ಎರಡೂ ಒಟ್ಟಿಗೆ ಸಿಗುತ್ತಾ?

ಸಿಗುತ್ತದೆ. ನೀವು ಬರೆದದ್ದನ್ನು ನೋಡಿದರೆ ಆ ಬೂಟು ಬಹುಶಃ ನಿಮ್ಮ ಕಾಲಿಗೆ ಸರಿಯಾಗಿಯೇ ಇದೆ. ಸುಮ್ನೆ ಸೈಜ್ ಬದಲಾಯಿಸಲು ಹೋಗಬೇಡಿ.

ಈ ಬೂಟಿಗೆ ಲೇಸ್ ಇಲ್ಲ, ಜಿಪ್ ಇಲ್ಲ, ಬಕಲ್ ಇಲ್ಲ. ಹಾಗಾದರೆ ಅದು ಕಾಲಿನಲ್ಲಿ ನಿಲ್ಲುವುದು ಹೇಗೆ? ಪಾದದ ಮೇಲ್ಭಾಗದಲ್ಲಿ, ಕಣಕಾಲಿಗೆ ಸ್ವಲ್ಪ ಮುಂದೆ ಒಂದು ದಿಬ್ಬ ಇದೆಯಲ್ಲ, ಇನ್‌ಸ್ಟೆಪ್ ಅನ್ನುತ್ತಾರೆ, ಅಲ್ಲಿ ಮಾತ್ರ ಬೂಟು ಕಾಲನ್ನು ಹಿಡಿದುಕೊಳ್ಳುತ್ತದೆ. ಲೇಸ್ ಮಾಡಬೇಕಾದ ಕೆಲಸವನ್ನೆಲ್ಲ ಆ ಒಂದು ಜಾಗ ಮಾಡಬೇಕು. ಅಲ್ಲಿ ಬಿಗಿಯಾಗಿರಲೇಬೇಕು. ಒಳ್ಳೆಯವರು ಕೈ ಕುಲುಕಿದಾಗ ಹಿಡಿತ ಗೊತ್ತಾಗುತ್ತದೆ, ನೋಯುವುದಿಲ್ಲ ಅಲ್ವಾ? ಅಷ್ಟು ಬಿಗಿ.

ಹಿಮ್ಮಡಿ ಆಡುವುದಕ್ಕೆ ಕಾರಣ ಬೇರೆ. ಹೊಸ ಬೂಟಿನ ಸೋಲ್ ಹಲಗೆಯ ಹಾಗೆ ಗಟ್ಟಿ. ನೀವು ಹೆಜ್ಜೆ ಎತ್ತಿದಾಗ ಪಾದ ಬಾಗುತ್ತದೆ, ಸೋಲ್ ಬಾಗುವುದಿಲ್ಲ. ಹಿಮ್ಮಡಿ ಮೇಲೇಳದೆ ಇನ್ನೇನು ಮಾಡೀತು? ಕಾಲು ಇಂಚಿನಷ್ಟು, ಅಂದರೆ ಸುಮಾರು 6 ಮಿಲಿಮೀಟರ್ ಎದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸೋಲ್ ಪಳಗಿ ಬಾಗಲು ಶುರುವಾದ ಮೇಲೆ ಅದು ತಾನಾಗಿ ಕಡಿಮೆಯಾಗುತ್ತದೆ. ಅರ್ಧ ಇಂಚು ಮೀರಿ ಎದ್ದರೆ ಮಾತ್ರ ಬೂಟು ದೊಡ್ಡದು. ಇನ್ನು ಹೊಸದರಲ್ಲೇ ಹಿಮ್ಮಡಿ ಒಂಚೂರೂ ಅಲುಗದಿದ್ದರೆ ನನಗೆ ಅನುಮಾನ ಬರುತ್ತದೆ. ಬೂಟು ಚಿಕ್ಕದಾಗಿರಬಹುದು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ನನ್ನ ಮೊದಲ ಜೋಡಿಯ ಮೂತಿ ಚೂಪಾಗಿತ್ತು. ಬೆರಳಿಗೆ ಜಾಗ ಇರಲಿ ಅಂತ ಒಂದು ಸೈಜ್ ದೊಡ್ಡದು ತಗೊಂಡೆ. ಸ್ನೇಹಿತನ ಮದುವೆಗೆ ಹಾಕಿಕೊಂಡು ಹೋದೆ. ಇನ್‌ಸ್ಟೆಪ್‌ನಲ್ಲಿ ಹಿಡಿತವೇ ಇಲ್ಲ, ಹೀಲ್ ಎತ್ತರ, ಹೆಜ್ಜೆ ಹೆಜ್ಜೆಗೂ ಪಾದ ಇಳಿಜಾರಿನಲ್ಲಿ ಜಾರಿದಂತೆ ಮುಂದಕ್ಕೆ ಹೋಗಿ ಬೆರಳುಗಳು ಆ ಚೂಪು ಮೂತಿಗೇ ಸಿಕ್ಕಿಕೊಂಡವು. ಯಾವ ಬೆರಳನ್ನು ಕಾಪಾಡಲು ದೊಡ್ಡದು ತಂದೆನೋ ಅದೇ ಬೆರಳು ಕೆಂಪಾಯಿತು. ಹಿಮ್ಮಡಿಯಲ್ಲಿ ಬೊಬ್ಬೆ ಬೇರೆ. ಸಂಜೆ ಹೊತ್ತಿಗೆ ಕಾಲು ಊದಿ ಬೂಟು ಹೊರಗೇ ಬರಲಿಲ್ಲ. ಮದುಮಗನ ಇಬ್ಬರು ತಮ್ಮಂದಿರು ಹಿಡಿದು ಎಳೆದರು. ಫೋಟೋ ಇನ್ನೂ ಇದೆ.

ಹಾಗಾಗಿ ಬೂಟು ನೋಡಲು ಹೋಗುವುದಾದರೆ ಸಂಜೆ ಹೋಗಿ. ದಿನವೆಲ್ಲ ಓಡಾಡಿದ ಕಾಲು ಬೆಳಗಿನದಕ್ಕಿಂತ ಸ್ವಲ್ಪ ಊದಿರುತ್ತದೆ. ದಿನಾ ಹಾಕುವಂಥ ಸಾಕ್ಸ್ ಇರಲಿ, ಅದು ಬೂಟಿಗಿಂತ ಎತ್ತರ ಇದ್ದರೆ ಇನ್ನೂ ಒಳ್ಳೆಯದು. ಕೂತುಕೊಳ್ಳಿ, ಬೂಟಿನ ಮೇಲಂಚಿನ ಎರಡೂ ಪಟ್ಟಿಗಳಿಗೆ ಬೆರಳು ಹಾಕಿ ಎಳೆಯಿರಿ, ಆಮೇಲೆ ನಿಂತು ಹಿಮ್ಮಡಿ ಒತ್ತಿ. ಕಾಲು ಇಕ್ಕಟ್ಟಿನ ಕುತ್ತಿಗೆ ದಾಟಿ ಒಳಗೆ ಕೂರುವಾಗ ಮೆಲ್ಲಗೆ 'ಟಪ್' ಅಂತ ಸದ್ದು ಬರಬೇಕು. ಆ ಸದ್ದು ಬಂದರೆ ನನಗೆ ಅರ್ಧ ಸಮಾಧಾನ. ಸುಲಭವಾಗಿ ಚಪ್ಪಲಿಯ ಹಾಗೆ ಒಳಗೆ ಹೋಯಿತೋ, ಸಡಿಲ. ಎಷ್ಟು ಒತ್ತಿದರೂ ಹಿಮ್ಮಡಿ ತಳ ಮುಟ್ಟಲಿಲ್ಲವೋ, ಇನ್‌ಸ್ಟೆಪ್ ನಿಮಗೆ ಆಗಿಬರುವುದಿಲ್ಲ. ಆಗ ಬೇರೆ ಮಾದರಿ ನೋಡಿ.

ಮುಂದಿನದು ಬಹಳ ಜನ ಬಿಟ್ಟುಬಿಡುವ ಪರೀಕ್ಷೆ. ಮಾಮೂಲಿ ಶೂನಲ್ಲಿ ಮೂತಿ ಒತ್ತಿ ಹೆಬ್ಬೆರಳು ಎಲ್ಲಿದೆ ಅಂತ ನೋಡುತ್ತೇವಲ್ಲ, ಇಲ್ಲಿ ಅದನ್ನು ನಂಬಬೇಡಿ. ಚೂಪು ಮೂತಿಯ ತುದಿ ಖಾಲಿ ಇರುವುದೇ ಸರಿ. ಅದರ ಬದಲು ಹೆಬ್ಬೆರಳಿನ ಬುಡದಲ್ಲಿ ಪಕ್ಕಕ್ಕೆ ಉಬ್ಬಿರುವ ಮೂಳೆಯನ್ನು ಚರ್ಮದ ಮೇಲಿಂದ ಮುಟ್ಟಿ ಹುಡುಕಿ. ಸೋಲ್ ಎಲ್ಲಿ ಅತಿ ಅಗಲವೋ ಆ ಮೂಳೆ ಅಲ್ಲೇ ಇರಬೇಕು. ಬೂಟು ಬಾಗುವುದೂ ಅಲ್ಲೇ. ಇಬ್ಬರ ಪಾದದ ಒಟ್ಟು ಉದ್ದ ಒಂದೇ ಇದ್ದರೂ ಒಬ್ಬನಿಗೆ ಬೆರಳು ಉದ್ದ, ಇನ್ನೊಬ್ಬನಿಗೆ ಬೆರಳು ಗಿಡ್ಡ ಇರುತ್ತದೆ. ಹಿಮ್ಮಡಿಯಿಂದ ಆ ಮೂಳೆಯವರೆಗಿನ ಅಳತೆ ಇಬ್ಬರಲ್ಲಿ ಬೇರೆ ಬೇರೆ. ಬರೀ ಸೈಜ್ ನಂಬರ್ ನೋಡಿ ತಗೊಂಡವರು ಮೋಸ ಹೋಗುವುದು ಇದರಿಂದಲೇ.

ನಂಬರ್ ವಿಷಯಕ್ಕೆ ಬಂದರೆ, ಓಡುವ ಶೂಗಿಂತ ಅರ್ಧ ಸೈಜ್ ಕಡಿಮೆ ಸರಿಹೋಗುವವರು ಜಾಸ್ತಿ. ಆದರೆ ಒಂದೊಂದು ಕಂಪನಿಯ ಅಚ್ಚು ಒಂದೊಂದು ಥರ, ಹಾಕಿಯೇ ನೋಡಬೇಕು. ನಂಬರಿನ ಪಕ್ಕದ ಅಕ್ಷರ ಅಗಲಕ್ಕೆ. ಅಮೆರಿಕನ್ ಅಳತೆಯಲ್ಲಿ ಗಂಡಸರಿಗೆ ಡಿ ಅಂದರೆ ಮಾಮೂಲು, ಇಇ ಅಂದರೆ ಅಗಲ, ಬಿ ಅಂದರೆ ಕಿರಿದು. ಕಿರುಬೆರಳು ಪಕ್ಕಕ್ಕೆ ಒತ್ತುತ್ತಿದ್ದರೆ ಬೇಕಾದದ್ದು ಅಗಲ, ಉದ್ದ ಅಲ್ಲ. ಚರ್ಮ ಹಾಕುತ್ತಾ ಹಾಕುತ್ತಾ ಅಗಲಕ್ಕೆ ಸ್ವಲ್ಪ ಬಿಟ್ಟುಕೊಡುತ್ತದೆ. ಉದ್ದಕ್ಕೆ ಬೆಳೆಯುವುದಿಲ್ಲ. 'ಹಾಕುತ್ತಾ ಹಾಕುತ್ತಾ ಸರಿಹೋಗುತ್ತೆ ಸಾರ್' ಅನ್ನುವ ಮಾತು ಇನ್‌ಸ್ಟೆಪ್ ಬಗ್ಗೆ ನಿಜ, ಬೆರಳ ತುದಿಯ ಬಗ್ಗೆ ಸುಳ್ಳು.

ಹೀಲ್ ಎತ್ತರಕ್ಕೆ ಒಂದು ಕಥೆ ಇದೆ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ ಟೆಕ್ಸಾಸ್‌ನ ದನಗಳನ್ನು ಕಾನ್ಸಾಸ್‌ನ ರೈಲು ನಿಲ್ದಾಣಗಳವರೆಗೆ ಹೊಡೆದುಕೊಂಡು ಹೋಗುವ ಕೆಲಸ ಜೋರಾಯಿತು. ಕುದುರೆ ಮೇಲೆ ದಿನಗಟ್ಟಲೆ ಕೂರುವವರಿಗಾಗಿ ಬೆಳೆದ ಬೂಟು ಇದು. 1879ರಲ್ಲಿ ಟೆಕ್ಸಾಸ್‌ನ ಸ್ಪ್ಯಾನಿಷ್ ಫೋರ್ಟ್ ಎಂಬ ಊರಿನಲ್ಲಿ ಶುರುವಾದ ಜಸ್ಟಿನ್, 1883ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಶುರುವಾದ ಲುಕೇಸಿ, ಈ ಎರಡೂ ಕಂಪನಿಗಳು ಇಂದಿಗೂ ಬೂಟು ಮಾರುತ್ತಿವೆ. ಎತ್ತರದ ಹೀಲ್ ಇದ್ದುದು ಕಾಲು ರಿಕಾಪಿನಿಂದ, ಅಂದರೆ ಸವಾರ ಪಾದ ಇಡುವ ಬಳೆಯಿಂದ, ಆಚೆ ತೂರಿ ಹೋಗದಿರಲಿ ಅಂತ. ಲೇಸ್ ಇಲ್ಲದ್ದಕ್ಕೂ ಅರ್ಥ ಇತ್ತು: ಸವಾರ ಬಿದ್ದು ಕಾಲು ರಿಕಾಪಿನಲ್ಲಿ ಸಿಕ್ಕಿಕೊಂಡರೆ ಬೂಟಿನಿಂದ ಕಾಲು ಕಳಚಿಕೊಂಡು ಜೀವ ಉಳಿಯುತ್ತಿತ್ತು.

ನಾವು ಕುದುರೆ ಹತ್ತುವವರಲ್ಲ, ನಡೆಯುವವರು. ಒಳಮುಖವಾಗಿ ಇಳಿಜಾರಾದ, ಒಂದೂವರೆಯಿಂದ ಎರಡು ಇಂಚಿನ ಹೀಲ್ ನೋಡಲು ಭಲೇ ಚೆಂದ, ಆದರೆ ಇಡೀ ದಿನ ಅಂಗಾಲಿನ ಮುಂಭಾಗಕ್ಕೆ ಭಾರ ಬೀಳುತ್ತದೆ. ಸುಮಾರು ಒಂದು ಇಂಚಿನ ಚಪ್ಪಟೆ ಹೀಲ್‌ಗೆ ರೋಪರ್ ಅಂತ ಹೆಸರು. ರೋಡಿಯೋ ಎಂಬ ಕೌಬಾಯ್ ಪಂದ್ಯದಲ್ಲಿ ಕರುವಿಗೆ ಹಗ್ಗ ಎಸೆದು, ಕುದುರೆಯಿಂದ ಹಾರಿ ಓಡಬೇಕಾದವರಿಗೆ ಅಂತಲೇ ಬಂದದ್ದು. ಜಾಸ್ತಿ ನಿಂತು ಕೆಲಸ ಮಾಡುವವರಿಗೆ ಅದೇ ಸರಿ. ಎರಡರ ನಡುವೆ ಒಂದೂಕಾಲು ಇಂಚಿನ ಆಸುಪಾಸಿನದು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಮೂತಿ ನಿಮ್ಮ ಇಷ್ಟ. ಒಳ್ಳೆಯ ಅಚ್ಚಿನಲ್ಲಿ ಬೆರಳು ಮುಗಿದ ಮೇಲೆಯೇ ಮೂತಿ ಕಿರಿದಾಗುತ್ತದೆ, ಹಾಗಾಗಿ ಚೂಪು ಅಂದ ಕೂಡಲೇ ಕಚ್ಚುತ್ತದೆ ಅಂತಲ್ಲ. ಬೆರಳುಗಳ ಸಾಲು ಅಗಲ ಇದ್ದವರಿಗೆ ಮಾತ್ರ ಗುಂಡು ಅಥವಾ ಚೌಕ ಮೂತಿ ವಾಸಿ. ತೀರಾ ಅಗಲದ ಚೌಕ ಮೂತಿ ನನ್ನ ಕಣ್ಣಿಗೆ ಬಾತುಕೋಳಿಯ ಕೊಕ್ಕಿನ ಹಾಗೆ ಕಾಣುತ್ತದೆ, ಆ ಮಾತು ಬೇರೆ.

ಚರ್ಮದಲ್ಲಿ ಮೇಕೆಯದು ಹಗುರ, ಮೆತ್ತಗೆ, ಬೇಗ ಪಳಗುತ್ತದೆ. ದನದ ಚರ್ಮ ಗಟ್ಟಿಮುಟ್ಟು, ಸ್ವಲ್ಪ ತಾಳ್ಮೆ ಬೇಡುತ್ತದೆ. ಆಸ್ಟ್ರಿಚ್ ಮೊದಲ ದಿನವೇ ಮೆತ್ತಗಿರುತ್ತದೆ, ದುಬಾರಿ. ಅದರ ಮೇಲಿನ ಗುಳ್ಳೆಗಳು ಗರಿ ಬೇರು ಬಿಟ್ಟಿದ್ದ ಜಾಗಗಳು. ಹಾವಿನ ಚರ್ಮ ತೆಳು, ದಿನಬಳಕೆಗೆ ಬೇಡ.

ಕೊಳ್ಳುವ ಮುನ್ನ ಬೂಟನ್ನು ತಲೆಕೆಳಗು ಮಾಡಿ ನೋಡಿ. ಸೋಲ್ ಬರೀ ಅಂಟಿಸಿದ್ದಾ, ವೆಲ್ಟ್‌ಗೆ, ಅಂದರೆ ಬೂಟಿನ ಅಂಚಿನ ಸುತ್ತ ಇರುವ ಪಟ್ಟಿಗೆ, ಹೊಲಿದಿದ್ದಾ? ಹೊಲಿದಿದ್ದರೆ ಸವೆದಾಗ ಸೋಲ್ ಬದಲಿಸಬಹುದು. ಒಳ್ಳೆಯ ಬೂಟಿನಲ್ಲಿ ಹೀಲ್‌ಗೆ ಮುಂದೆ, ಅಂಗಾಲಿನ ಕಮಾನಿನ ಜಾಗದಲ್ಲಿ ಸಣ್ಣ ಸಣ್ಣ ಮರದ ಮೊಳೆಗಳ ಸಾಲು ಕಾಣುತ್ತದೆ. ಕಬ್ಬಿಣದ ಮೊಳೆ ಯಾಕಲ್ಲ ಅಂದರೆ, ತೇವಕ್ಕೆ ಚರ್ಮ ಹಿಗ್ಗಿದಾಗ ಮರವೂ ಹಿಗ್ಗುತ್ತದೆ, ಒಣಗಿದಾಗ ಜೊತೆಗೇ ಕುಗ್ಗುತ್ತದೆ. ಹಿಡಿತ ಸಡಿಲವಾಗುವುದಿಲ್ಲ. ಕಾಲಿನ ಮೇಲಿನ ಉದ್ದನೆಯ ಕೊಳವೆಯಲ್ಲಿ ಕಾಣುವ ಸಾಲು ಸಾಲು ಹೊಲಿಗೆಯೂ ಬರೀ ಅಂದಕ್ಕಲ್ಲ. ಚರ್ಮ ಕಣಕಾಲಿನ ಮೇಲೆ ಕುಸಿಯದೆ ನೆಟ್ಟಗೆ ನಿಲ್ಲಲಿ ಅಂತ.

ಅಂದದ ಬಗ್ಗೆ ಒಂದೇ ಸಲಹೆ: ಮೊದಲ ಜೋಡಿ ಸಾದಾ ಕಂದು ಬಣ್ಣದ್ದು, ಹೊಲಿಗೆಯೂ ಅದೇ ಬಣ್ಣದ್ದು ಇರಲಿ. ಪ್ಯಾಂಟ್ ಬೂಟಿನ ಮೇಲೆಯೇ ಇಳಿಯಲಿ, ಕೆಳಗೆ ಸ್ವಲ್ಪ ಅಗಲ ಇರಲಿ, ಮಾಮೂಲಿಗಿಂತ ಒಂದು ಇಂಚು ಉದ್ದ ಇರಲಿ. ಬಿಗಿ ಜೀನ್ಸ್ ಆದರೆ ಬೂಟಿನ ಮೇಲಂಚು ಮೀನಖಂಡದ ಹತ್ತಿರ ಬಟ್ಟೆಯೊಳಗೆ ಬಳೆಯ ಹಾಗೆ ಉಬ್ಬಿ ಕಾಣುತ್ತದೆ.

ನಿಮ್ಮ ಬೂಟನ್ನು ಇನ್ನೂ ಹೊರಗೆ ಹಾಕಬೇಡಿ. ಮನೆಯಲ್ಲಿ ರತ್ನಗಂಬಳಿಯ ಮೇಲೋ ಚಾಪೆಯ ಮೇಲೋ ದಿನಕ್ಕೆ ಒಂದು ಗಂಟೆ, ಮೂರು ನಾಲ್ಕು ದಿನ ಓಡಾಡಿ. ಸೋಲ್‌ಗೆ ಗೀರು ಬೀಳದಿದ್ದರೆ ಬದಲಿಸುವ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ. ಅಷ್ಟರಲ್ಲಿ ಪಾದದ ಮೇಲೆ ಜುಮ್ಮೆನ್ನಲು ಶುರುವಾದರೆ ಅಥವಾ ಬೆರಳ ತುದಿ ಮೂತಿಗೆ ತಾಗಿದರೆ ವಾಪಸ್ ಕೊಡಿ. ಬರೀ ಹಿಮ್ಮಡಿ ಸ್ವಲ್ಪ ಆಡುತ್ತಿದ್ದರೆ ಇಟ್ಟುಕೊಳ್ಳಿ. ಜೊತೆಗೆ ಬೂಟು ಕಳಚುವ ಮರದ ಹಲಗೆಯೊಂದನ್ನು ತಂದಿಡಿ, ಇಂಗ್ಲಿಷ್ ವಿ ಆಕಾರದ ಕಚ್ಚು ಇರುವಂಥದ್ದು. ಮದುಮಗನ ತಮ್ಮಂದಿರು ಯಾವಾಗಲೂ ಹತ್ತಿರ ಇರುವುದಿಲ್ಲ.